ಸದ್ದಿಲ್ಲದೆ ಸವೆಯುವ ಮೂಳೆ

ವೃದ್ಧೆಯೊಬ್ಬಳು ಬಚ್ಚಲಲ್ಲಿ ಜಾರಿ ಬೀಳುವಳು. ತೊಡೆಯ ಮೂಳೆ ಮುರಿಯುವುದು. ಬಿದ್ದುದರಿಂದಲೇ ಮುರಿಯಿತೆಂದು ನಾವು ಹೇಳುತ್ತೇವೆ. ಆದರೆ ಅಲ್ಲಿಯೇ ಜಾರಿದ ಹುಡುಗನು ಮೈ ಕೊಡವಿಕೊಂಡು ಎದ್ದುಹೋಗುವನು. ವೃದ್ಧೆಯ ಮೂಳೆಯು ಎಷ್ಟೋ ವರ್ಷಗಳಿಂದ ಒಳಗೊಳಗೇ ಸವೆದು, ಗೆದ್ದಲು ತಿಂದ ತೊಲೆಯಂತಾಗಿತ್ತು. ಈ ಸ್ಥಿತಿಯನ್ನು ಅಸ್ಥಿರಂಧ್ರತೆ ಅಥವಾ ಆಸ್ಟಿಯೊಪೊರೋಸಿಸ್ ಎನ್ನುವರು.

ಮೂಳೆಯು ಜಡವಸ್ತುವಲ್ಲ. ನಮ್ಮ ದೇಹವು ಹಳೆಯ ಮೂಳೆಯನ್ನು ಕರಗಿಸುತ್ತ ಹೊಸದನ್ನು ಕಟ್ಟುತ್ತಲೇ ಇರುವುದು. ಸುಮಾರು ೩೦ರ ವಯಸ್ಸಿನವರೆಗೆ ಕಟ್ಟುವ ಕೆಲಸದ ಕೈ ಮೇಲಾಗಿರುವುದು. ಅನಂತರ ಕರಗುವುದೇ ಹೆಚ್ಚು. ಮುಟ್ಟು ನಿಂತ ಸ್ತ್ರೀಯರಲ್ಲಿ ಈಸ್ಟ್ರೊಜೆನ್ ರಸದೂತವು ಕಡಮೆಯಾಗುವುದರಿಂದ ಈ ನಷ್ಟವು ಇನ್ನೂ ತೀವ್ರವಾಗುವುದು.

ಹಾಗಾದರೆ ಒಂದು ಜನಸಮುದಾಯದಲ್ಲಿ ಈ ರೋಗವು ಹೆಚ್ಚುತ್ತಿದೆಯೋ ತಗ್ಗುತ್ತಿದೆಯೋ ಎಂಬುದನ್ನು ತಿಳಿಯುವುದು ಹೇಗೆ? ಮೊದಲು ಎಲ್ಲರನ್ನೂ ಒಂದೇ ಅಳತೆಗೋಲಿನಿಂದ ಅಳೆಯಬೇಕು. ವಿಶ್ವ ಆರೋಗ್ಯ ಸಂಸ್ಥೆಯು ೧೯೯೪ರಲ್ಲಿ ಅಂತಹುದೊಂದನ್ನು ನಿಗದಿಮಾಡಿತು. ಕ್ಷ-ಕಿರಣದಿಂದ ಅಳೆದ ಮೂಳೆಯ ಸಾಂದ್ರತೆಯು ಆರೋಗ್ಯವಂತ ಯುವತಿಯರ ಸರಾಸರಿಗಿಂತ ೨.೫ ಮಾನಕ ವಿಚಲನೆಯಷ್ಟು ಅಥವಾ ಇನ್ನೂ ಕೆಳಗಿದ್ದರೆ ಅದು ಅಸ್ಥಿರಂಧ್ರತೆ.

ಎರಡನೆಯದಾಗಿ ವಯಸ್ಸನ್ನು ಗಮನಿಸಬೇಕು. ಒಂದು ಊರಿನಲ್ಲಿ ಐವತ್ತು ದಾಟಿದವರು ೧೦೦ ಮಂದಿ, ಎಂಬತ್ತು ದಾಟಿದವರು ೧೦೦ ಮಂದಿ ಇರುವರೆಂದು ಭಾವಿಸೋಣ. ಮೊದಲಿನವರಲ್ಲಿ ೧೦ ಮಂದಿಗೆ, ಎರಡನೆಯವರಲ್ಲಿ ೪೦ ಮಂದಿಗೆ ರೋಗವಿದ್ದರೆ ಒಟ್ಟು ಪ್ರಮಾಣ ಶೇಕಡಾ ೨೫. ಕಾಲಕ್ರಮದಲ್ಲಿ ಎಂಬತ್ತು ದಾಟಿದವರು ೩೦೦ ಆದರೆ, ರೋಗಿಗಳು ೪೦೦ರಲ್ಲಿ ೧೩೦. ಅಂದರೆ ಶೇಕಡಾ ೩೨.೫. ಆಯಾ ವಯಸ್ಸಿನವರ ಮೂಳೆಯು ಮೊದಲಿನಂತೆಯೇ ಇದ್ದರೂ ಪ್ರಮಾಣವು ಏರಿತು! ಆದುದರಿಂದ ಎರಡು ಕಾಲದ ಜನರನ್ನೂ ಒಂದೇ ವಯೋವಿನ್ಯಾಸಕ್ಕೆ ಹೊಂದಿಸಿಕೊಂಡು ಹೋಲಿಸುವರು.

ಅಮೆರಿಕ ಸಂಯುಕ್ತ ಸಂಸ್ಥಾನಗಳ ರಾಷ್ಟ್ರೀಯ ಸಮೀಕ್ಷೆಯಲ್ಲಿ ಹೀಗೆಯೇ ಹೋಲಿಸಲಾಯಿತು. ೫೦ ವರ್ಷ ಮತ್ತು ಅದಕ್ಕೆ ಮೇಲ್ಪಟ್ಟ ಸ್ತ್ರೀಯರಲ್ಲಿ ೨೦೦೭–೦೮ರಲ್ಲಿ ಶೇಕಡಾ ೧೪.೦ ಇದ್ದ ರೋಗವು ೨೦೧೭–೧೮ರಲ್ಲಿ ೧೯.೬ಕ್ಕೆ ಏರಿತ್ತು. ಪುರುಷರಲ್ಲಿ ಅದು ೩.೭ರಿಂದ ೪.೪ ಆಗಿತ್ತು, ಇಷ್ಟು ಅಲ್ಪ ವ್ಯತ್ಯಾಸವು ಆಕಸ್ಮಿಕವೂ ಆಗಿರಬಹುದು. ಸ್ತ್ರೀಯರಲ್ಲಿ ಕಂಡ ಏರಿಕೆಗೆ ಮಾತ್ರ ಮುಪ್ಪಿನವರ ಸಂಖ್ಯೆ ಬೆಳೆದುದು ಕಾರಣವಲ್ಲ.

ಏರುವುದೇ ಈ ರೋಗದ ಸ್ವಭಾವವೆಂದು ನಾವು ಎದೆಗುಂದಬೇಕಾಗಿಲ್ಲ. ಅದೇ ದೇಶದ ಫ್ರೇಮಿಂಗ್‌ಹ್ಯಾಮ್ ಪಟ್ಟಣದಲ್ಲಿ ೧೯೪೮ರಿಂದ ಜನರ ಆರೋಗ್ಯವನ್ನು ಗಮನಿಸುತ್ತ ಬಂದಿರುವರು. ಅಲ್ಲಿ ೧೯೭೦ರಿಂದ ೨೦೧೦ರವರೆಗೆ ಸೊಂಟದ ಬಳಿಯ ಮೂಳೆಮುರಿತವು ವರ್ಷಕ್ಕೆ ಶೇಕಡಾ ೪.೪ರಷ್ಟು ಇಳಿಯಿತು. ಅದೇ ಅವಧಿಯಲ್ಲಿ ಧೂಮಪಾನಿಗಳ ಪ್ರಮಾಣವೂ ಶೇಕಡಾ ೩೮ರಿಂದ ೧೫ಕ್ಕೆ ತಗ್ಗಿತು. ಅತಿಯಾದ ಮದ್ಯಪಾನವೂ ಕಡಮೆಯಾಯಿತು. ಇವೆರಡೂ ಮೂಳೆಗೆ ಹಾನಿಕರವೆಂಬುದು ಸಿದ್ಧವಾದ ವಿಷಯ. ಮೂಳೆಯ ನಷ್ಟವನ್ನು ತಡೆಯುವ ಔಷಧವಾದ ಅಲೆಂಡ್ರೊನೇಟಿಗೆ ಆ ದೇಶದಲ್ಲಿ ಅನುಮತಿ ದೊರೆತುದು ೧೯೯೫ರಲ್ಲಿ. ಇಳಿತವಾದರೋ ಅದಕ್ಕೆ ಬಹಳ ಮೊದಲೇ ಆರಂಭವಾಗಿತ್ತು.

ಹೀಗೆ ಜನರ ನಡೆನುಡಿ ಬದಲಾದಂತೆ ಅವರ ಮೂಳೆಯ ಭವಿಷ್ಯವೂ ಬದಲಾಗಬಲ್ಲುದು. ಈ ಲೇಖನವನ್ನು ಓದುತ್ತಿರುವ ವಿದ್ಯಾರ್ಥಿಗಳ ಮೂಳೆಯು ಇನ್ನೂ ಕಟ್ಟುತ್ತಿರುವ ಕಟ್ಟಡ. ಹಾಲು, ರಾಗಿ, ಸೊಪ್ಪುಗಳಿಂದ ಸುಣ್ಣದ ಅಂಶವೂ ಬಿಸಿಲಿನಿಂದ ಡಿ ಜೀವಸತ್ತ್ವವೂ ಅದಕ್ಕೆ ದೊರೆಯಬೇಕು. ಓಟ ಆಟಗಳು ಅದನ್ನು ಗಟ್ಟಿಗೊಳಿಸಬೇಕು. ಎಂಬತ್ತನೆಯ ವಯಸ್ಸಿನಲ್ಲಿ ನಾವು ಊರಿ ನಿಲ್ಲಬೇಕಾದ ಮೂಳೆಯನ್ನು ಇಪ್ಪತ್ತರೊಳಗೇ ಬಹುಮಟ್ಟಿಗೆ ಕಟ್ಟಿಕೊಂಡಿರುತ್ತೇವೆ.