ನಿಮಗಿದು ಗೊತ್ತೆ? ಬಾತುಗಳ ನಡುವೆ ಹಕ್ಕಿಜ್ವರ ಹರಡುವ ಬಗೆ
ಹಕ್ಕಿಜ್ವರದ ಉಗ್ರ ವೈರಸ್‌ ಕೋಳಿಗಳನ್ನು ಒಂದೆರಡು ದಿನಗಳಲ್ಲೇ ಕೊಲ್ಲಬಲ್ಲದು. ಕಾಡುಬಾತುಗಳಲ್ಲಿ ಮಾತ್ರ ಎಷ್ಟೋ ಸಲ ರೋಗದ ಲಕ್ಷಣವೇ ಕಾಣದು. ಅವುಗಳ ಹಿಕ್ಕೆಯ ಮೂಲಕ ನೀರು ಸೇರುವ ವೈರಸ್‌, ತಣ್ಣನೆಯ ನೀರಿನಲ್ಲಿ ವಾರಗಟ್ಟಲೆ ಉಳಿಯುತ್ತದೆ. ಅದೇ ನೀರಿಗೆ ಇಳಿದ ಸಾಕುಬಾತುಗಳಿಗೂ ಸೋಂಕು ತಗಲುತ್ತದೆ.

ಕೇರಳದ ಕುಟ್ಟನಾಡಿನಲ್ಲಿ ಭತ್ತದ ಕೊಯ್ಲಾದ ಗದ್ದೆಗಳಿಗೆ ಬಾತುಗಳ ಹಿಂಡನ್ನು ಮೇಯಲು ಬಿಡುತ್ತಾರೆ. ವಲಸೆ ಹಕ್ಕಿಗಳು ಇಳಿಯುವುದೂ ಅಲ್ಲಿಗೇ. 2014ರಲ್ಲಿ ಎಚ್‌5ಎನ್‌1, 2016ರಲ್ಲಿ ಎಚ್‌5ಎನ್‌8 ಎಂಬ ವೈರಸ್‌ ತಳಿಗಳು ಕಾಣಿಸಿಕೊಂಡು ಅಲ್ಲಿ ಸಾವಿರಾರು ಬಾತುಗಳನ್ನು ಕೊಲ್ಲಬೇಕಾಯಿತು. ಸಾಕಿದವರ ಪಾಲಿಗೆ ದೊಡ್ಡ ಪೆಟ್ಟು. ಹಾಗೆಂದು ವಲಸೆ ಹಕ್ಕಿಗಳನ್ನಷ್ಟೇ ದೂರುವುದು ಅನ್ಯಾಯ. ಸೋಂಕಿತ ಹಿಂಡಿನ ಸಾಗಾಟ, ಕೆಸರು ಮೆತ್ತಿದ ಚಪ್ಪಲಿ, ಮೊಟ್ಟೆಯ ಟ್ರೇ, ವಾಹನದ ಚಕ್ರಗಳೂ ವೈರಸ್‌ ಹೊತ್ತೊಯ್ಯುತ್ತವೆ. ಬಾತುಗಳು ಸತ್ತು ಬಿದ್ದಿದ್ದರೆ ಬರಿಗೈಯಲ್ಲಿ ಮುಟ್ಟಬೇಡಿ, ಹತ್ತಿರದ ಪಶು ಆಸ್ಪತ್ರೆಗೆ ತಿಳಿಸಿ.