ನಾಯಿಯನ್ನು ಬೆಂಗಳೂರಿನಲ್ಲಿ ಬಿಟ್ಟುಹೋಗುವ ಮುನ್ನ



ಗೊಬ್ಬರದ ದಾಸ್ತಾನು, ಬೋರ್ಡೋ ದ್ರಾವಣ, ಅಡಿಕೆ ಧಾರಣೆ ಇತ್ಯಾದಿ ಬರಬೇಕಾದ ಈ ಪುಟದಲ್ಲಿ ಕಾರ್ಯದರ್ಶಿ ನಾಯಿಯ ವಿಚಾರ ಎತ್ತಿದನಲ್ಲ ಎಂದು ಕೆಲವರು ನಗಬಹುದು. ಆದರೆ ಕೊಯ್ಲು ಮುಗಿಯುತ್ತಿದ್ದಂತೆ ಕಚೇರಿಗೆ ಬರುವ ಸದಸ್ಯರಲ್ಲಿ ಒಬ್ಬರಾದರೂ ಈ ಪ್ರಶ್ನೆ ಕೇಳುತ್ತಾರೆ: "ಮಗಳ ಬಾಣಂತನಕ್ಕೆ ಅಮೆರಿಕಕ್ಕೆ ಹೋಗಬೇಕು, ನಾಯಿಯನ್ನು ಏನು ಮಾಡುವುದು?" ಹಿಂದೆ ಲೈನ್ ಮನೆಗಳಲ್ಲಿ ಜನರಿರುತ್ತಿದ್ದರು, ಯಜಮಾನ ಒಂದು ತಿಂಗಳು ಊರಲ್ಲಿಲ್ಲದಿದ್ದರೂ ನಾಯಿಗೆ ಗಂಜಿ ತಪ್ಪುತ್ತಿರಲಿಲ್ಲ. ಈಗ ಅನೇಕ ಸಣ್ಣ ತೋಟಗಳಲ್ಲಿ ಗಂಡ, ಹೆಂಡತಿ, ನಾಯಿ ಇಷ್ಟೇ ಸಂಸಾರ. ಹೊರಟವರು ಬಾಗಿಲು ಹಾಕಿಕೊಂಡು ಹೊರಟರೆ ಚಿರತೆಯ ಭಯ ಬೇರೆ.

2008ರಲ್ಲಿ ದೇವನಹಳ್ಳಿಯ ವಿಮಾನ ನಿಲ್ದಾಣ ಆರಂಭವಾದ ಮೇಲೆ ನಾವು ಹೋಗಿ ಬರುವ ದಾರಿ ಹೆಬ್ಬಾಳ, ಯಲಹಂಕದ ಮೇಲೆಯೇ. ಆ ಕಡೆ ನಾಯಿಗಳನ್ನು ದಿನಕ್ಕಿಷ್ಟು ಎಂದು ಇಟ್ಟುಕೊಳ್ಳುವ ಬೋರ್ಡಿಂಗ್ ಕೆನಲ್‌ಗಳಿವೆ. ಕೆಲವು ಒಳ್ಳೆಯವು, ಕೆಲವು ಹೆಸರಿಗೆ ಮಾತ್ರ. ಇವನ್ನು ಆರಿಸುವುದು ಹೇಗೆ ಎಂಬುದನ್ನು ನಾನು ದುಬಾರಿ ಬೆಲೆ ತೆತ್ತು ಕಲಿತೆ.

ನನ್ನ ತಪ್ಪು

2023ರ ಫೆಬ್ರವರಿಯಲ್ಲಿ ನನ್ನ ಮನೆಯವರಿಗೆ ಬೆಂಗಳೂರಿನಲ್ಲಿ ಹೃದಯದ ಶಸ್ತ್ರಚಿಕಿತ್ಸೆ ಆಯಿತು. ನಾವು ಉಳಿದದ್ದು ಆರ್.ಟಿ. ನಗರದ ಬಂಧುಗಳ ಮನೆಯಲ್ಲಿ. ಎರಡು ಕೋಣೆಯ ಮನೆಗೆ ನಮ್ಮ ಜಾಕಿಯನ್ನೂ ಕರೆದೊಯ್ಯುವುದು ಸಾಧ್ಯವಿರಲಿಲ್ಲ. ಎಂಟು ವರ್ಷದ ನಾಟಿ ನಾಯಿ. ಕಣದಲ್ಲಿ ಅಡಿಕೆ ಒಣಗುತ್ತಿದ್ದಾಗ ಎರಡು ಬಾರಿ ಕಳ್ಳರನ್ನು ಓಡಿಸಿದ್ದ. ಫೋನಿನಲ್ಲೇ ದರ ವಿಚಾರಿಸಿ, ಕಡಿಮೆ ಹೇಳಿದ ಒಂದು ಜಾಗಕ್ಕೆ ಸಂಜೆ ಏಳಕ್ಕೆ ಬಿಟ್ಟು ಬಂದೆ. ಒಳಗೆ ಕಾಲಿಟ್ಟು ನೋಡಲಿಲ್ಲ.

ಮೂರನೆಯ ವಾರ ಜಾಕಿ ಊಟ ಬಿಟ್ಟ. ಅಲ್ಲಿಯವರು ಎರಡು ದಿನ ಫೋನು ಮಾಡಿದರಂತೆ. ನಾನು ತೀವ್ರ ನಿಗಾ ಘಟಕದ ಹೊರಗೆ ಫೋನು ಆರಿಸಿ ಕುಳಿತಿದ್ದೆ. ಬೇರೆ ಯಾರ ನಂಬರನ್ನೂ ನಾನು ಕೊಟ್ಟಿರಲಿಲ್ಲ; ವೈದ್ಯರಿಗೆ ತೋರಿಸಿ ಎಂದು ಹೇಳಿರಲಿಲ್ಲ, ಖರ್ಚಿಗೆ ಹಣವನ್ನೂ ಇಟ್ಟಿರಲಿಲ್ಲ. ಮೂರನೆಯ ದಿನ ನಾನು ಹೋಗಿ ಹೆಬ್ಬಾಳದ ಪಶುವೈದ್ಯಕೀಯ ಕಾಲೇಜಿನ ಆಸ್ಪತ್ರೆಗೆ ಕೊಂಡೊಯ್ಯುವಾಗ ಮೂಗಿನಿಂದ ರಕ್ತ ಬರುತ್ತಿತ್ತು. ಉಣ್ಣಿಯಿಂದ ಬರುವ ಎರ್ಲಿಕಿಯಾ ಜ್ವರ ಎಂದರು. ಬೇಗ ಕಂಡುಹಿಡಿದರೆ ಡಾಕ್ಸಿಸೈಕ್ಲಿನ್ ಮಾತ್ರೆಗೆ ಬಗ್ಗುವ ಕಾಯಿಲೆ. ನಾಲ್ಕನೆಯ ದಿನ ಜಾಕಿ ಹೋದ. ಉಣ್ಣಿ ಕೆನಲ್‌ನದೋ, ನಮ್ಮ ತೋಟದಿಂದಲೇ ಹೋದದ್ದೋ, ಯಾರೂ ಹೇಳಲಾರರು. ಆದ್ದರಿಂದ ನಾನು ಯಾರನ್ನೂ ದೂರುವುದಿಲ್ಲ. ಈ ಕೆಳಗಿನವು ನಾನು ಅಂದು ಮಾಡದೆ ಬಿಟ್ಟ ಕೆಲಸಗಳು.

ಹೋಗಿ ಕಣ್ಣಾರೆ ನೋಡಿ

ಬಿಡುವ ಮೊದಲು ಒಮ್ಮೆ ಹಗಲು ಹೊತ್ತು, ಸಾಧ್ಯವಾದರೆ ಮಧ್ಯಾಹ್ನ, ಮುಂಚಿತವಾಗಿ ತಿಳಿಸದೆ ಹೋಗಿ. ಮುಂದಿನ ಆಫೀಸು ಕೋಣೆಯಲ್ಲ, ನಾಯಿ ಮಲಗುವ ಜಾಗ ನೋಡಬೇಕು. ತೋರಿಸಲು ಒಪ್ಪದಿದ್ದರೆ ಅಲ್ಲಿಂದಲೇ ಹಿಂದಿರುಗಿ. ಬರಿಯ ತಗಡಿನ ಮಾಡಿದ್ದರೆ ಮಾರ್ಚ್, ಏಪ್ರಿಲ್‌ನಲ್ಲಿ ಒಳಗೆ ನಿಲ್ಲಲಾಗದು. ನೆರಳಲ್ಲಿ ಬೆಳೆದ ನಮ್ಮ ಮಲೆನಾಡಿನ ನಾಯಿಗೆ ಅದು ಇನ್ನೂ ಕಷ್ಟ. ನೀರಿನ ಬಟ್ಟಲು ತುಂಬಿದೆಯೇ, ನೆಲ ಒಣಗಿದೆಯೇ, ನಾಯಿಗಳು ಎದ್ದು ಬಾಲ ಆಡಿಸುತ್ತವೆಯೇ ಅಥವಾ ಮೂಲೆ ಹಿಡಿದಿವೆಯೇ, ಇಷ್ಟು ನೋಡಿದರೆ ಅರ್ಧ ವಿಷಯ ತಿಳಿಯುತ್ತದೆ.

ಗೋಡೆಯ ಬಿರುಕುಗಳನ್ನು ತಪ್ಪದೆ ನೋಡಿ. ನಮ್ಮ ಕಾಡಿನ ಉಣುಗು ಎಲೆ, ದರಗಿನಲ್ಲಿರುತ್ತದೆ. ಆದರೆ ನಾಯಿಯ ಕಂದು ಉಣ್ಣಿ ಕಟ್ಟಡದೊಳಗೇ ಸಂಸಾರ ಹೂಡುತ್ತದೆ; ಗೋಡೆ ಹತ್ತಿ ಸಂದಿಯಲ್ಲಿ ಸಾವಿರಾರು ಮೊಟ್ಟೆ ಇಡುತ್ತದೆ. ನಾಯಿಗೆ ಮಾತ್ರ ಔಷಧಿ ಹಾಕಿ ಗೋಡೆಯನ್ನು ಬಿಟ್ಟರೆ ಪ್ರಯೋಜನವಿಲ್ಲ. ಕಾಂಡಕೊರಕದ ವಿಷಯದಲ್ಲಿ ಪಕ್ಕದ ತೋಟ ಬಿಟ್ಟು ನಮ್ಮ ತೋಟ ಮಾತ್ರ ನೋಡಿಕೊಂಡಂತೆಯೇ.

ನೆಲ ಯಾವುದರಿಂದ ತೊಳೆಯುತ್ತೀರಿ ಎಂದು ಕೇಳಿ. 1978ರ ಸುಮಾರಿಗೆ ಪ್ರಪಂಚದಾದ್ಯಂತ ಕಾಣಿಸಿಕೊಂಡ ಪಾರ್ವೊ ರೋಗದ ವೈರಸ್ಸು ನೆಲದಲ್ಲಿ ತಿಂಗಳುಗಟ್ಟಲೆ ಉಳಿಯುತ್ತದೆ. ಫಿನಾಯಿಲ್ ವಾಸನೆ ಇದ್ದ ಮಾತ್ರಕ್ಕೆ ಅದು ಸತ್ತಿದೆ ಎಂದು ನಂಬುವಂತಿಲ್ಲ. ಕಸ ತೆಗೆದು ತೊಳೆದ ಮೇಲೆ ಬ್ಲೀಚಿಂಗ್ ದ್ರಾವಣ ಹಾಕಬೇಕು.

ಲಸಿಕೆಯ ಚೀಟಿ

ಒಳ್ಳೆಯ ಕೆನಲ್‌ನವರು ದರ ಹೇಳುವ ಮೊದಲೇ ಲಸಿಕೆ ಚೀಟಿ ಕೇಳುತ್ತಾರೆ. ನಿಮ್ಮನ್ನು ಕೇಳದವರು ಬೇರೆಯವರನ್ನೂ ಕೇಳಿರುವುದಿಲ್ಲ. ಹುಚ್ಚುನಾಯಿ ರೋಗದ ಲಸಿಕೆಯೊಂದಿಗೆ ಡಿಸ್ಟೆಂಪರ್, ಪಾರ್ವೊ, ಇಲಿ ಜ್ವರ ಇವುಗಳ ಲಸಿಕೆಯನ್ನೂ ಬಿಡುವುದಕ್ಕೆ ಎರಡು ವಾರ ಮುಂಚೆಯಾದರೂ ಹಾಕಿಸಬೇಕು. ಹೊರಡುವ ಹಿಂದಿನ ದಿನ ಹಾಕಿಸಿದ ಲಸಿಕೆ ಕೆಲಸಕ್ಕೆ ಬಾರದು. ಉಣ್ಣಿಯ ಔಷಧಿಯನ್ನೂ ಊರಿನಲ್ಲೇ ಮುಗಿಸಿ. ಹೆಣ್ಣು ನಾಯಿ ಬೆದೆಗೆ ಬರುವ ಸಮಯವಾದರೆ ಮುಚ್ಚಿಡದೆ ಹೇಳಿ.

ಕೇಂದ್ರ ಸರ್ಕಾರದ 2017ರ ನಾಯಿ ತಳಿ ಸಾಕಣೆ ಮತ್ತು ಮಾರಾಟ ನಿಯಮಗಳ ವ್ಯಾಪ್ತಿಗೆ ಬೋರ್ಡಿಂಗ್ ಕೆನಲ್ ನಡೆಸುವವರನ್ನೂ ಸೇರಿಸಲಾಗಿದೆ. ನೋಂದಣಿ ಪತ್ರ ತೋರಿಸಿ ಎನ್ನಲು ಸಂಕೋಚ ಬೇಡ.

ಊಟ, ಬೇಲಿ, ಸದ್ದು

ಅನ್ನ, ಮೀನು ತಿಂದ ನಾಯಿಗೆ ಒಂದೇ ದಿನದಲ್ಲಿ ಪೊಟ್ಟಣದ ಆಹಾರ ಹಾಕಿದರೆ ಭೇದಿ ಖಂಡಿತ. ಅಲ್ಲಿ ಏನು ಹಾಕುತ್ತಾರೆಂದು ಕೇಳಿ ಒಂದು ವಾರ ಮೊದಲೇ ಮನೆಯಲ್ಲಿ ಸ್ವಲ್ಪಸ್ವಲ್ಪ ರೂಢಿಮಾಡಿ. ಹಳೆಯ ಗೋಣಿಯನ್ನೋ ಕಂಬಳಿಯನ್ನೋ ಜೊತೆಗೆ ಕೊಡಿ. ಮನೆಯ ವಾಸನೆ ಸಮಾಧಾನ ತರುತ್ತದೆ.

ನಮ್ಮ ನಾಯಿಗಳು ಸರಪಳಿ ಕಂಡವಲ್ಲ. ಮೊದಲ ಎರಡು ಮೂರು ದಿನ ತಪ್ಪಿಸಿಕೊಂಡು ಮನೆಗೆ ಹೊರಡಲು ನೋಡುತ್ತವೆ. ಹೊರಗೆ ಬಳ್ಳಾರಿ ರಸ್ತೆಯ ವಾಹನಗಳು. ಒಂದರ ಹಿಂದೆ ಒಂದು ಎರಡು ಗೇಟುಗಳಿರುವ ಜಾಗವನ್ನೇ ಆರಿಸಿ. ಕೊರಳಪಟ್ಟಿಯ ಮೇಲೆ ಫೋನ್ ನಂಬರ್ ಬರೆಸಿ.

ಯಲಹಂಕದ ವಾಯುನೆಲೆಯಲ್ಲಿ 1996ರಿಂದ ಏರೋ ಇಂಡಿಯಾ ವೈಮಾನಿಕ ಪ್ರದರ್ಶನ ನಡೆದುಬಂದಿದೆ. ಈಚಿನ ವರ್ಷಗಳಲ್ಲಿ ಸಾಮಾನ್ಯವಾಗಿ ವರ್ಷ ಬಿಟ್ಟು ವರ್ಷ ಫೆಬ್ರವರಿಯಲ್ಲಿ, ಅಂದರೆ ನಾವು ಕೊಯ್ಲು ಮುಗಿಸಿ ಊರು ಬಿಡುವ ಹೊತ್ತಿಗೆ ಸರಿಯಾಗಿ. ಯುದ್ಧವಿಮಾನಗಳು ತಲೆಯ ಮೇಲೆ ಹಾರಿದರೆ ಕೋವಿ ಸದ್ದಿಗೆ ಹೆದರದ ನಾಯಿಯೂ ನಡುಗುತ್ತದೆ. ಹಕ್ಕಿಗಳು ವಿಮಾನಕ್ಕೆ ಅಡ್ಡ ಬರಬಾರದೆಂದು 2023ರಲ್ಲಿ ಜನವರಿ 30ರಿಂದ ಫೆಬ್ರವರಿ 20ರವರೆಗೆ ವಾಯುನೆಲೆಯ ಸುತ್ತ 10 ಕಿಲೋಮೀಟರ್ ಮಾಂಸ ಮಾರಾಟವನ್ನೂ ನಿಲ್ಲಿಸಿದ್ದರು. ದಿನಾಂಕ ವಿಚಾರಿಸಿಕೊಂಡು, ಆಗುವುದಾದರೆ ಆ ವಾರ ಬೇರೆ ಕಡೆ ಬಿಡಿ. ದೀಪಾವಳಿಗೂ ಇದೇ ಮಾತು.

ಬರವಣಿಗೆಯಲ್ಲಿರಲಿ

ಕೊನೆಯದಾದರೂ ಮುಖ್ಯವಾದದ್ದು. ಒಂದು ಹಾಳೆಯಲ್ಲಿ ನಾಯಿಯ ವಯಸ್ಸು, ಹಿಂದಿನ ಕಾಯಿಲೆ, ಊಟದ ಕ್ರಮ, ಕಚ್ಚುವ ಸ್ವಭಾವ ಇದ್ದರೆ ಅದನ್ನೂ ಬರೆಯಿರಿ. ಇಬ್ಬರು ಬಂಧುಗಳ ಫೋನ್ ನಂಬರ್ ಕೊಡಿ. "ನಾನು ಸಿಗದಿದ್ದರೆ ಕಾಯದೆ ವೈದ್ಯರಿಗೆ ತೋರಿಸಿ, ಖರ್ಚು ನನ್ನದು" ಎಂದು ಬರೆದು ಸಹಿ ಹಾಕಿ, ಸ್ವಲ್ಪ ಮುಂಗಡ ಇಡಿ. ಹೆಬ್ಬಾಳದ ಕಾಲೇಜು 1958ರಲ್ಲಿ ಆರಂಭವಾದದ್ದು. ಆ ಭಾಗದಲ್ಲಿ ಬಿಡುವವರಿಗೆ ಅದರ ಆಸ್ಪತ್ರೆ ಹತ್ತಿರ. ಇಷ್ಟೆಲ್ಲ ಆದಮೇಲೂ ದೀರ್ಘ ಪ್ರಯಾಣಕ್ಕೆ ಮುಂಚೆ ಒಂದು ರಾತ್ರಿ ಬಿಟ್ಟು ನೋಡಿ.

ವಯಸ್ಸಾದ ನಾಯಿಗಳಿಗೆ ಮಾತ್ರ ಕೆನಲ್‌ಗಿಂತ ಪರಿಚಯದ ನೆರೆಯ ತೋಟವೇ ಮೇಲು. ಈ ಸಲ ನೀವು ನೋಡಿಕೊಳ್ಳಿ, ಮುಂದಿನ ಸಲ ನಾನು ಎಂದು ನಾಲ್ಕು ಮನೆಯವರು ಮಾತಾಡಿಕೊಂಡರೆ ಖರ್ಚೂ ಇಲ್ಲ. ಸಹಕಾರ ಎಂಬುದು ಗೊಬ್ಬರದ ಮೂಟೆಗೆ ಮಾತ್ರ ಎಂದು ಬೈಲಾದಲ್ಲೇನೂ ಇಲ್ಲವಲ್ಲ.

ಮೇಲೆ ಹೇಳಿದ ಹಾಳೆಯ ಒಂದು ಮಾದರಿಯನ್ನು ಟೈಪು ಮಾಡಿಸಿ ಕಚೇರಿಯಲ್ಲಿ ಇಟ್ಟಿದ್ದೇನೆ. ಬೇಕಾದ ಸದಸ್ಯರು ಕಚೇರಿ ವೇಳೆಯಲ್ಲಿ ಬಂದು ಪಡೆಯಬಹುದು. ಶುಲ್ಕವಿಲ್ಲ.

— ಕಾರ್ಯದರ್ಶಿ