ನಿರ್ದಯ–ನಿರ್ಭಾವ ಲಕ್ಷಣಗಳು ಮತ್ತು ಮಕ್ಕಳ ಸಮಾಜವಿರೋಧಿ ವರ್ತನೆ

ಲಂಡನ್ನಿನ ಮಕ್ಕಳ ಚಿಕಿತ್ಸಾಲಯವೊಂದಕ್ಕೆ ಬಂದಿದ್ದ 44 ಮಂದಿ ಬಾಲಚೋರರನ್ನು ಕುರಿತು ಜಾನ್ ಬೌಲ್ಬಿ ಅವರು 1944ರಲ್ಲಿ ತಮ್ಮ ಅಧ್ಯಯನವನ್ನು ಪ್ರಕಟಿಸಿದರು. ಇವರಲ್ಲಿ 14 ಮಕ್ಕಳನ್ನು ಅವರು 'ಮಮತೆಯಿಲ್ಲದವರು' ಎಂದು ಪ್ರತ್ಯೇಕಿಸಿದರು. ಆ 14ರಲ್ಲಿ 12 ಮಂದಿ ಎಳವೆಯಲ್ಲಿ ತಾಯಿಯಿಂದ ದೀರ್ಘಕಾಲ ಅಗಲಿದ್ದವರು. ಉಳಿದ 30 ಮಂದಿಯಲ್ಲಿ ಅಂಥವರು ಐವರು ಮಾತ್ರ. ವರ್ಗೀಕರಿಸಿದವರೂ ಕಾರಣವನ್ನು ಅರಸಿದವರೂ ಒಬ್ಬರೇ ಆದುದರಿಂದ ಈ ಅಂಕಿಗಳನ್ನು ಎಚ್ಚರದಿಂದ ಓದಬೇಕು. ಆದರೂ ಒಂದೇ ಬಗೆಯ ತಪ್ಪಿನ ಹಿಂದೆ ಭಿನ್ನ ಮನೋಧರ್ಮಗಳಿರಬಲ್ಲವು ಎಂಬ ಒಳನೋಟ ಹುಸಿಯಾಗಲಿಲ್ಲ.

ಅಮೆರಿಕದ ಮನೋವೈದ್ಯಕೀಯ ಸಂಘವು 2013ರ ತನ್ನ ಕೈಪಿಡಿಯಲ್ಲಿ ಈ ಭೇದಕ್ಕೆ ಅಧಿಕೃತ ಸ್ಥಾನ ನೀಡಿತು. ಪಶ್ಚಾತ್ತಾಪವಿಲ್ಲದಿರುವುದು, ಪರರ ನೋವಿಗೆ ಮಿಡಿಯದಿರುವುದು, ಓದು–ಕೆಲಸಗಳ ಸೋಲುಗೆಲವಿನಲ್ಲಿ ಉದಾಸೀನತೆ, ಭಾವಗಳ ತೋರಿಕೆಯಲ್ಲಿ ಆಳವಿಲ್ಲದಿರುವುದು: ಈ ನಾಲ್ಕರಲ್ಲಿ ಎರಡಾದರೂ 12 ತಿಂಗಳ ಕಾಲ, ಹಲವು ಸಂಬಂಧ–ಸನ್ನಿವೇಶಗಳಲ್ಲಿ ಕಂಡುಬರಬೇಕು. ಅದಕ್ಕಿತ್ತ ಹೆಸರು 'ಸೀಮಿತ ಸಮಾಜಸ್ನೇಹಿ ಭಾವನೆಗಳು' ಎಂದು. ಈ ಸೌಮ್ಯತೆ ಉಚಿತವೇ ಸರಿ. 'ಕಲ್ಲೆದೆಯವನು' ಎಂಬ ನಮ್ಮ ಮಾತು ಮಗುವಿನ ಸ್ಥಿತಿಯನ್ನು ವಿವರಿಸುವುದಿಲ್ಲ, ತೀರ್ಪನ್ನು ಕೊಡುತ್ತದೆ.

ಎಸ್ಸಿ ವೈಡಿಂಗ್ ಮತ್ತು ಸಂಗಡಿಗರು ಇಂಗ್ಲೆಂಡ್ ಹಾಗೂ ವೇಲ್ಸ್‌ನ ಏಳು ವರ್ಷದ ಅವಳಿ ಮಕ್ಕಳಲ್ಲಿ ನಡೆಸಿದ ಅಧ್ಯಯನ 2005ರಲ್ಲಿ ಬಂದಿತು. ಈ ಲಕ್ಷಣಗಳೊಡಗೂಡಿದ ತೀವ್ರ ಸಮಾಜವಿರೋಧಿ ವರ್ತನೆಯಲ್ಲಿ ಆನುವಂಶಿಕತೆಯ ಪ್ರಮಾಣ ಶೇ. 81, ಲಕ್ಷಣಗಳಿಲ್ಲದೆಡೆ ಶೇ. 30. ಇಲ್ಲಿ ಒಂದು ಮಾತನ್ನು ಸ್ಪಷ್ಟಪಡಿಸಬೇಕು. ಆನುವಂಶಿಕತೆಯೆಂಬುದು ಒಂದು ಸಮುದಾಯದೊಳಗಿನ ವ್ಯತ್ಯಾಸಗಳ ಲೆಕ್ಕ; ಒಂದು ಮಗುವಿನ ಹಣೆಬರಹವಲ್ಲ.

ಇದಕ್ಕೆ ಎರಡು ಆಧಾರಗಳುಂಟು. ಇಂಥ ಮಕ್ಕಳು ಅನ್ಯರ ಮುಖದಲ್ಲಿನ ಭಯವನ್ನು ಗುರುತಿಸುವಲ್ಲಿ ಎಡವುತ್ತಾರೆ. ಆಸ್ಟ್ರೇಲಿಯದ ಮಾರ್ಕ್ ಡ್ಯಾಡ್ಸ್ ಮತ್ತು ಸಂಗಡಿಗರು 2006ರಲ್ಲಿ ತೋರಿಸಿದಂತೆ, 'ಕಣ್ಣುಗಳನ್ನೇ ನೋಡು' ಎಂದು ಹೇಳಿದಾಗ ಆ ಕೊರತೆ ತಾತ್ಕಾಲಿಕವಾಗಿ ನೀಗಿತು. ಎಂದರೆ, ಅರಿಯುವ ಶಕ್ತಿಯೇ ಇಲ್ಲವೆಂದಲ್ಲ. ನೋಟ ಅತ್ತ ತಾನಾಗಿ ಹರಿಯುತ್ತಿರಲಿಲ್ಲ.

ಎರಡನೆಯದು ಇನ್ನೂ ಮಹತ್ವದ್ದು. ಅಮೆರಿಕದ 561 ದತ್ತು ಕುಟುಂಬಗಳನ್ನು ಪರಿಶೀಲಿಸಿ ಲ್ಯೂಕ್ ಹೈಡ್, ರೆಬೆಕಾ ವಾಲರ್ ಮೊದಲಾದವರು 2016ರಲ್ಲಿ ಪ್ರಕಟಿಸಿದ ಫಲಿತಾಂಶವಿದು. ಹೆತ್ತ ತಾಯಿಯ ತೀವ್ರ ಸಮಾಜವಿರೋಧಿ ವರ್ತನೆಯು, ಆಕೆಯ ಒಡನಾಟ ಅತ್ಯಲ್ಪವಾಗಿದ್ದರೂ ಅಥವಾ ಇಲ್ಲದಿದ್ದರೂ, 27 ತಿಂಗಳ ಮಗುವಿನ ನಿರ್ದಯ–ನಿರ್ಭಾವ ಲಕ್ಷಣಗಳನ್ನು ಮುನ್ಸೂಚಿಸಿತು. ಆದರೆ ಮಗುವಿಗೆ 18 ತಿಂಗಳಾಗಿದ್ದಾಗ ದತ್ತು ತಾಯಿಯು ಅದರ ಒಳ್ಳೆಯ ನಡತೆಯನ್ನು ಮೆಚ್ಚಿ ಹುರಿದುಂಬಿಸುತ್ತಿದ್ದ ಮನೆಗಳಲ್ಲಿ ಈ ಆನುವಂಶಿಕ ಪ್ರಭಾವ ಕಾಣಲಿಲ್ಲ.